ಹೊಗೆ ವಾಪಸು ಹೋಗೋ ದಾರಿ

ಬೆಂಕಿಯಿಲ್ಲದೆ ಹೊಗೆಯಾಡಲ್ಲ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಆಡಿದ ಹೊಗೆ ಆಮೇಲೆ ಯಾವ ದಾರಿ ಹಿಡೀತು, ಆ ದಾರಿಯನ್ನ ಯಾವುದರಲ್ಲಿ ಕಟ್ಟಿದ್ರು ಅಂತ ಕೇಳಿದವರು ಕಡಿಮೆ. ಹಳೇ ಮನೆಗಳ ಬಗ್ಗೆ ಬರೆಯೋರು ಕಂಬದ ಕೆತ್ತನೆ, ತೊಟ್ಟಿ, ಜಗಲಿ, ಬಾಗಿಲವಾಡದ ಬಗ್ಗೆ ಬರೀತಾರೆ. ಒಲೆಯ ಬಾಯಿಂದ ಸೂರಿನ ತೂತಿನವರೆಗಿನ ಹತ್ತಡಿ ದಾರಿ ಅವರ ಫೋಟೋದಲ್ಲಿ ಬರಲ್ಲ. ಅಲ್ಲಿ ಬರೀ ಕತ್ತಲು, ಮಸಿ. ಆದರೆ ಮನೆಯೊಳಗಿನ ಹೆಂಗಸರ ಕಣ್ಣು, ಎದೆ, ಕೆಮ್ಮು ಎಲ್ಲ ತೀರ್ಮಾನವಾಗಿದ್ದು ಆ ಹತ್ತಡಿಯಲ್ಲೇ. ಈ ಬರಹ ಆ ದಾರಿಯ ಬಗ್ಗೆ, ಅದಕ್ಕೆ ಬಳಸಿದ ಸಾಮಾನಿನ ಬಗ್ಗೆ.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ನಮ್ಮ ದೊಡ್ಡಪ್ಪನ ಮಗ ಅಮೆರಿಕಾದ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯೋದು ಮಾಮೂಲು. ಪ್ರಾಜೆಕ್ಟ್ ಕೆಲಸಕ್ಕೆ ಹೋಗಿದ್ದಾಗ ಅವನ ಮನೆಯಲ್ಲಿ ಒಂದು ವಾರ ಇದ್ದೆ. ಹಳೇ ಮರದ ಮನೆ. ನೆಲಮಾಳಿಗೆಯಲ್ಲಿ ಗ್ಯಾಸ್ ಫರ್ನೇಸ್. ಅದರಿಂದ ಬಿಸಿಗಾಳಿ ತಗಡಿನ ಕೊಳವೆಗಳಲ್ಲಿ ಪ್ರತಿ ಕೋಣೆಗೂ ಹೋಗುತ್ತೆ. ಕೋಣೆಯಲ್ಲಿ ತಣ್ಣಗಾದ ಗಾಳಿ ಇನ್ನೊಂದು ಜಾಲರಿಯಿಂದ ವಾಪಸು ಫರ್ನೇಸ್‌ಗೆ ಬರುತ್ತೆ. ಈ ವಾಪಸು ದಾರಿಗೆ ಅವರು ರಿಟರ್ನ್ ಡಕ್ಟ್ ಅಂತಾರೆ. "ಅಣ್ಣ, ಈ ಕಡೆ ಪೈಪೇ ಕಾಣಲ್ವಲ್ಲ?" ಅಂತ ಕೇಳಿದೆ. ಅವನು ಟಾರ್ಚ್ ಹಾಕಿ ಮೇಲೆ ತೋರಿಸಿದ. ಎರಡು ಮರದ ತೊಲೆಗಳ ನಡುವಿನ ಸಂದಿಗೆ ಕೆಳಗಿನಿಂದ ಒಂದು ತಗಡು ಬಡಿದಿದ್ದರು. ಮೇಲೆ ಹಲಗೆ, ಎರಡು ಕಡೆ ತೊಲೆ, ಕೆಳಗೆ ತಗಡು. ಅದೇ ಡಕ್ಟು. ಗೋಡೆಯಲ್ಲಿ ಅದೂ ಇಲ್ಲ, ಎರಡು ಕಂಬಿಗಳ ನಡುವಿನ ಟೊಳ್ಳೇ ದಾರಿ. "ಹೋಗೋ ಗಾಳಿಗೆ ದುಡ್ಡು ಹಾಕವ್ರೆ ಕಣೋ, ಬರೋ ಗಾಳಿಗೆ ಸಿಕ್ಕಿದ್ದು ಹೊಡ್ದವ್ರೆ" ಅಂದ.

ಅವನು ಹೇಳಿದ್ದರಲ್ಲಿ ಅಮೆರಿಕಾದ ಮನೆಗಳ ನೂರು ವರ್ಷದ ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿ ನೆಲಮಾಳಿಗೆಯ ಕಲ್ಲಿದ್ದಲ ಒಲೆಗಳು ಬಂದವು. ಫ್ಯಾನ್ ಇರಲಿಲ್ಲ. ಬಿಸಿಗಾಳಿ ಹಗುರ, ತಾನಾಗಿ ಮೇಲೇರೋದು. ತಣ್ಣನೆ ಗಾಳಿ ಭಾರ, ನೆಲದ ಜಾಲರಿಯಿಂದ ತಾನಾಗಿ ಇಳಿಯೋದು. ಏರೋ ದಾರಿ ಸುಡುತ್ತೆ, ಪಕ್ಕದಲ್ಲಿ ಮರ ಇದೆ, ಬೆಂಕಿಯ ಭಯ. ಹಾಗಾಗಿ ಅದಕ್ಕೆ ತಗಡು, ಅದರ ಮೇಲೆ ಕಲ್ನಾರಿನ ಕಾಗದ ಸುತ್ತೋರು. ಇಳಿಯೋ ಗಾಳಿ ಕೋಣೆಯಷ್ಟೇ ತಣ್ಣಗಿರುತ್ತೆ, ಮರ ಹೊತ್ತಿಕೊಳ್ಳೋ ಭಯವಿಲ್ಲ. ಹಾಗಾಗಿ ಅದಕ್ಕೆ ಹಲಗೆ, ಗೋಡೆಯ ಟೊಳ್ಳು, ಏನಾದರೂ ಆಗಬಹುದು ಅಂತ ತೀರ್ಮಾನವಾಯಿತು. ಫ್ಯಾನ್ ಬಂದ ಮೇಲೂ ಅದೇ ಅಭ್ಯಾಸ ಮುಂದುವರೀತು.

ಆದರೆ ಫ್ಯಾನ್ ಬಂದ ಮೇಲೆ ಲೆಕ್ಕ ಬದಲಾಗಿತ್ತು. ಹೋಗೋ ಕೊಳವೆಯಲ್ಲಿ ಗಾಳಿ ಹೊರಗೆ ತಳ್ಳುತ್ತೆ, ತೂತಿದ್ದರೆ ಸೋರುತ್ತೆ ಅಷ್ಟೆ. ಬರೋ ಕೊಳವೆಯಲ್ಲಿ ಗಾಳಿ ಒಳಗೆ ಎಳೆಯುತ್ತೆ. ಅಲ್ಲಿ ಸಂದಿ ಇದ್ದರೆ ನೆಲಮಾಳಿಗೆಯ ಧೂಳು, ಬೂಷ್ಟು, ಪಕ್ಕದಲ್ಲಿರೋ ನೀರಿನ ಬಾಯ್ಲರ್ ಬಿಟ್ಟ ಹೊಗೆ ಎಲ್ಲ ಸೇರಿ ಮಲಗೋ ಕೋಣೆಗೆ ಬರುತ್ತೆ. ನಿರ್ಲಕ್ಷ್ಯ ಮಾಡಿದ ದಾರಿಯೇ ಅಪಾಯದ್ದು ಅಂತ ಗೊತ್ತಾಗೋಕೆ ಅವರಿಗೆ ದಶಕಗಳು ಬೇಕಾದವು. ಗೋಡೆ, ತೊಲೆಗಳ ಟೊಳ್ಳನ್ನ ಡಕ್ಟ್ ಮಾಡಬಾರದು ಅಂತ ಅವರ ಎನರ್ಜಿ ಕೋಡ್ ನೇರವಾಗಿ ಹೇಳಿದ್ದು 2012ರ ಆವೃತ್ತಿಯಲ್ಲಿ. ಇವತ್ತು ಸತುವಿನ ಲೇಪದ ಉಕ್ಕಿನ ತಗಡು, ಗಾಜಿನ ನಾರಿನ ಹಲಗೆ, ಬಳುಕೋ ಕೊಳವೆ ಇವೆಲ್ಲ ಬಳಕೆಯಲ್ಲಿವೆ. ಸಂದಿಗಳಿಗೆ ಮೇಣದಂಥ ಅಂಟು ಬಳೀತಾರೆ.

ಹಾಗೆ ನೋಡಿದರೆ ಇದು ಅಮೆರಿಕಾದ ಆವಿಷ್ಕಾರವೇನೂ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಸ್ನಾನದ ಮನೆಗಳ ನೆಲವನ್ನ ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ಹೊಗೆ ಓಡಿಸಿ, ಗೋಡೆಯೊಳಗೆ ಜೋಡಿಸಿದ ಸುಟ್ಟ ಮಣ್ಣಿನ ಚೌಕ ಕೊಳವೆಗಳಿಂದ ಮೇಲೆ ಬಿಡ್ತಿದ್ದರು. ಕೊರಿಯಾದವರ ಒಂಡೋಲ್‌ನಲ್ಲಿ ಅಡುಗೆ ಒಲೆಯ ಹೊಗೆ ಮಲಗೋ ಕೋಣೆಯ ಚಪ್ಪಡಿ ಕಲ್ಲುಗಳ ಅಡಿಯಲ್ಲಿ ಹಾದು, ನೆಲ ಬಿಸಿ ಮಾಡಿ, ಆಚೆ ಕಡೆಯ ಹೊಗೆಗೂಡಿನಿಂದ ಹೊರಗೆ ಹೋಗುತ್ತೆ. ಒಂದೇ ಸೌದೆ, ಎರಡು ಕೆಲಸ. ಎಲ್ಲರೂ ತಮ್ಮ ಸುತ್ತ ಸಿಕ್ಕ ಮಣ್ಣು, ಕಲ್ಲಿನಲ್ಲೇ ದಾರಿ ಮಾಡಿಕೊಂಡರು.

ಈಗ ತುಮಕೂರಿಗೆ ಬರೋಣ. ನಮ್ಮಲ್ಲಿ ಮನೆ ಬಿಸಿ ಮಾಡೋ ಪ್ರಶ್ನೆಯೇ ಇಲ್ವಲ್ಲ ಅಂತ ನೀವು ಅನ್ನಬಹುದು. ಡಿಸೆಂಬರ್ ಚಳಿಗೆ ಒಂದು ಕಂಬಳಿ, ಬೀದಿಯಲ್ಲಿ ತೆಂಗಿನ ಸೋಗೆ ಹಚ್ಚಿದ ಬೆಂಕಿ ಸಾಕು. ನಿಜ, ನಮ್ಮವರು ತಮಗೋಸ್ಕರ ಮನೆ ಬಿಸಿ ಮಾಡಿಕೊಂಡವರಲ್ಲ. ಆದರೆ ರೇಷ್ಮೆ ಹುಳಕ್ಕೆ ಮಾಡಿದ್ದಾರೆ. ಕುಣಿಗಲ್ ಕಡೆ ಹುಳ ಸಾಕೋ ಮನೆಗಳಲ್ಲಿ ಚಳಿಗಾಲ ಬಂತು ಅಂದರೆ ಇದ್ದಲ ಒಲೆ ಇಡೋರು. ಮರಿ ಹುಳಕ್ಕೆ 26ರಿಂದ 28 ಡಿಗ್ರಿ ಬೇಕು, ದೊಡ್ಡದಾದ ಮೇಲೆ 24-25. ಬಿಸಿ ಇರಬೇಕು, ಹೊಗೆ ಇರಬಾರದು. ಹಾಗಾಗಿ ಇದ್ದಲನ್ನ ಹೊರಗೇ ಹೊತ್ತಿಸಿ, ಹೊಗೆ ಆರಿ ಕೆಂಡವಾದ ಮೇಲೆ ಒಳಗೆ ತರೋದು, ಸೂರಿನ ಹತ್ತಿರದ ಕಿಂಡಿ ತೆಗೆದಿಡೋದು. ಹುಳಕ್ಕೆ ಹೊಗೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಮನೆಯ ಅಡುಗೆ ಕೋಣೆಯಲ್ಲಿ ಹೆಂಗಸರು ದಿನಕ್ಕೆ ಎರಡು ಹೊತ್ತು ಅದೇ ಹೊಗೆ ಕುಡೀತಿದ್ದರು.

ನಮ್ಮ ಗುಬ್ಬಿ ಸೀಮೆಯ ಹಳೇ ಮನೆಗಳಲ್ಲಿ ಎರಡು ಬಗೆ. ಒಂದು ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಗಿಡದ ಕಡ್ಡಿ, ಸೊಪ್ಪು, ಮೇಲೆ ಮಣ್ಣು ಬಡಿದು ಚಪ್ಪಟೆ ಮಾಡಿದ್ದು. ಮಳೆ ಕಡಿಮೆ ಇರೋ ಸೀಮೆಗೆ ಹೇಳಿ ಮಾಡಿಸಿದ ಸೂರು. ಬೇಸಿಗೆಯಲ್ಲಿ ತಂಪು. ಆದರೆ ಗಾಳಿ ಆಡಲ್ಲ. ಅದಕ್ಕೆ ಒಲೆಯ ನೆತ್ತಿಗೆ ಸರಿಯಾಗಿ ಮಾಳಿಗೆಯಲ್ಲಿ ಒಂದು ತೂತು ಬಿಡೋರು. ಅದೇ ಗವಾಕ್ಷಿ, ಕೆಲವು ಮನೆಯಲ್ಲಿ ಬೆಳಕಿಂಡಿ. ಹೆಸರೇ ಹೇಳೋ ಹಾಗೆ ಅದು ಬೆಳಕಿಗೂ ಹೌದು, ಹೊಗೆಗೂ ಹೌದು. ಅಂಚಿಗೆ ತಳ ಒಡೆದ ಮಡಕೆಯನ್ನ ಹೂಳೋರು, ಮಣ್ಣು ಉದುರದಿರಲಿ ಅಂತ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಚಪ್ಪಡಿಯೋ ಬಾಣಲೆಯೋ ಮುಚ್ಚಬೇಕು. ಮುಚ್ಚಿದರೆ ಹೊಗೆ ಒಳಗೆ. ಜಡಿಮಳೆಯ ದಿನ ಮಳೆ ಒಳಗೆ ಬರಬೇಕೋ ಹೊಗೆ ಒಳಗೆ ಉಳೀಬೇಕೋ ಅನ್ನೋದು ಪ್ರತಿ ಮನೆಯ ಪ್ರಶ್ನೆ.

ಇನ್ನೊಂದು ಹೆಂಚಿನ ಮನೆ. ಕುಂಬಾರರ ನಾಡ ಹೆಂಚು ಅರ್ಧ ಕೊಳವೆಯ ಆಕಾರದ್ದು, ಒಂದರ ಮೇಲೊಂದು ಸುಮ್ಮನೆ ಕೂರುತ್ತೆ. ಸಂದಿ ಎಲ್ಲ ಕಡೆ. ಅಂದರೆ ಇಡೀ ಸೂರೇ ಹೊಗೆಯ ದಾರಿ. ಬೆಳಿಗ್ಗೆ ಊರ ಹೊರಗಿನಿಂದ ನೋಡಿದರೆ ಹೆಂಚಿನ ಮನೆಗಳ ಮೈಯಿಂದೆಲ್ಲ ಹೊಗೆ ಏಳೋದು ಕಾಣ್ತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನವಾಗಿ ಅಚ್ಚಿನ ಹೆಂಚು ಎಲ್ಲ ಕಡೆ ಹರಡಿತು. ಅದು ಒಂದಕ್ಕೊಂದು ಕಚ್ಚಿ ಕೂರುತ್ತೆ, ಸೋರಲ್ಲ, ಮಂಗ ಓಡಾಡಿದರೂ ಅಷ್ಟಾಗಿ ಜರುಗಲ್ಲ. ಸೋರದ ಸೂರು ಎಲ್ಲರಿಗೂ ಬೇಕಿತ್ತು. ಆದರೆ ನೀರಿಗೆ ಸಂದಿ ಕಡಿಮೆಯಾದ ಹಾಗೆ ಹೊಗೆಗೂ ಸಂದಿ ಕಡಿಮೆಯಾಯಿತು. ಅದಕ್ಕೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು, ಮೇಲೆ ಗೂಡಿನ ಹಾಗೆ ಎದ್ದ ಗಾಳಿ ಹೆಂಚು ಹಾಕಿಸೋರು. ದುಡ್ಡಿದ್ದೋರು ಮಾತ್ರ.

ಹೊಗೆಯನ್ನ ಬರೀ ಶತ್ರು ಅಂತ ಬರೆದರೆ ಚರಿತ್ರೆಗೆ ಮೋಸ ಮಾಡಿದ ಹಾಗೆ. ಒಲೆಯ ಮೇಲಿನ ಅಟ್ಟ ನಮ್ಮ ಸೀಮೆಯ ಖಜಾನೆ. ಮುಂದಿನ ವರ್ಷದ ಬಿತ್ತನೆ ರಾಗಿ, ಜೋಳದ ತೆನೆ, ಹುಣಸೆಹಣ್ಣು, ಹೊಸ ಮೊರ, ಮಂಕರಿ ಎಲ್ಲ ಅಲ್ಲೇ. ಹೊಗೆ ಕುಡಿದ ಬೀಜಕ್ಕೆ ಹುಳ ಬೀಳಲ್ಲ, ಹೊಗೆ ಕುಡಿದ ತೊಲೆಗೆ ಗೆದ್ದಲು ಹತ್ತಲ್ಲ. ತಿಪಟೂರು, ಗುಬ್ಬಿ ಕಡೆಯ ಉಂಡೆ ಕೊಬ್ಬರಿಯ ಕಥೆಯೂ ಇದೇ. ಬಲಿತ ತೆಂಗಿನಕಾಯನ್ನ ಸುಲಿಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಇಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗುಂಡಗೆ ಕಳಚಿಕೊಳ್ಳುತ್ತೆ. ಅಲ್ಲಾಡಿಸಿದರೆ ಲೊಟ್ ಲೊಟ್ ಅನ್ನುತ್ತೆ. ಅಟ್ಟದ ನೆಲ ಬಿದಿರು ಗಳುವಿನದೋ ಅಡಿಕೆ ದಬ್ಬೆಯದೋ ಆಗಿರುತ್ತೆ, ಸಂದಿ ಬಿಟ್ಟು ಜೋಡಿಸಿದ್ದು. ಕೆಳಗಿನ ಬಿಸಿ, ಹೊಗೆ ಆ ಸಂದಿಯಿಂದ ಹಾದು ಕಾಯಿಗಳ ನಡುವೆ ನುಸುಳಿ ಸೂರು ಸೇರಬೇಕು. ಡ್ರೈಯರ್‌ಗೆ ಡಕ್ಟ್ ಡಿಸೈನ್ ಮಾಡೋ ಇಂಜಿನಿಯರ್ ಮಾಡೋದೂ ಇದನ್ನೇ.

ಕೋಡೊಲೆ ನೋಡಿ. ದೊಡ್ಡ ಒಲೆಯ ಪಕ್ಕದಲ್ಲಿ ಒಂದು ಚಿಕ್ಕ ಒಲೆ, ಎರಡಕ್ಕೂ ನಡುವೆ ಮಣ್ಣಿನಲ್ಲಿ ಬಿಟ್ಟ ತೂತು. ಸೌದೆ ದೊಡ್ಡ ಒಲೆಗೆ ಮಾತ್ರ. ಉರಿ ಆ ತೂತಿನಿಂದ ಹಾದು ಕೋಡೊಲೆಗೆ ಬರುತ್ತೆ. ಅಲ್ಲಿ ಸಾರು ಕುದಿಯುತ್ತೆ, ಹಾಲು ಕಾಯುತ್ತೆ. ಹುತ್ತದ ಮಣ್ಣು, ಹೊಟ್ಟು, ಸಗಣಿ ಕಲಸಿ ಹೆಂಗಸರೇ ಕಟ್ಟಿದ ಗೇಣುದ್ದದ ಡಕ್ಟು ಅದು. ಎಷ್ಟು ಅಗಲ ಬಿಡಬೇಕು, ಎಷ್ಟು ಇಳಿಜಾರು ಕೊಡಬೇಕು ಅಂತ ನಮ್ಮಜ್ಜಿಗೆ ಬೆರಳಿನ ಅಳತೆಯಲ್ಲಿ ಗೊತ್ತಿತ್ತು. "ದೊಡ್ಡದು ಬುಟ್ರೆ ಉರಿ ಎಲ್ಲಾ ಆ ಕಡೀಕೆ ಓಯ್ತದೆ ಮಗ, ಸಣ್ಣದು ಬುಟ್ರೆ ಈ ಕಡೀಕೆ ಹೊಗೆ ಉಗುಳ್ತದೆ" ಅನ್ನೋಳು. ಪೈಪ್ ಸೈಜಿಂಗ್ ಅನ್ನೋ ವಿಷಯಕ್ಕೆ ಬಿಇ ನಾಲ್ಕು ವರ್ಷದಲ್ಲಿ ಇದಕ್ಕಿಂತ ಚೊಕ್ಕ ವಿವರಣೆ ನಾನು ಕೇಳಲಿಲ್ಲ.

ಆದರೆ ಕೋಡೊಲೆಯಿಂದ ಆಚೆಗೆ ದಾರಿ ಇರಲಿಲ್ಲ. ಅಲ್ಲಿಂದ ಹೊಗೆ ನೇರ ಅಡುಗೆ ಮನೆಗೆ. ಉರಿ ಬೇಕಾದಷ್ಟು ದೂರ ದಾರಿ ಕಟ್ಟಿದ್ದೆವು, ಹೊಗೆಗೆ ಕಟ್ಟಲಿಲ್ಲ. ಇಲ್ಲಣ ಕಟ್ಟಿದ ಗೋಡೆ, ಊದುಗೊಳವೆ ಹಿಡಿದು ಕೆಂಪಾದ ಕಣ್ಣು, ಸೆರಗಿನಲ್ಲಿ ಮೂಗು ಒರೆಸೋದು, ಐವತ್ತಕ್ಕೆಲ್ಲ ಮೆಟ್ಟಿಲು ಹತ್ತಿದರೆ ಏದುಸಿರು. ಇದನ್ನ ಯಾರೂ ಕಾಯಿಲೆ ಅಂತ ಕರೀಲಿಲ್ಲ, ವಯಸ್ಸು ಅಂದರು. ಹಳ್ಳಿಯ ಅಡುಗೆ ಮನೆಯಲ್ಲಿ ಹೆಂಗಸರು ಎಷ್ಟು ಹೊಗೆ ಉಸಿರಾಡ್ತಾರೆ ಅಂತ ಉಪಕರಣ ಇಟ್ಟು ಅಳೆದ ಮೊದಲ ಅಧ್ಯಯನಗಳಲ್ಲಿ ಒಂದು, ಕಿರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಮಾಡಿದ್ದು, ಪ್ರಕಟವಾಗಿದ್ದು 1983ರಲ್ಲಿ. ಪಟ್ಟಣದ ಗಾಳಿ ಅಳೆಯೋದು ಅದಕ್ಕೂ ಎಷ್ಟೋ ಮುಂಚೆ ಶುರುವಾಗಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಈ ಕಥೆಯ ದೊಡ್ಡ ಅಧ್ಯಾಯ ನಡೆದಿದ್ದು ನಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ 'ಅಸ್ತ್ರ' ಅನ್ನೋ ಗುಂಪು ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನ ಅದರ ಕೆಲಸ. ಲ್ಯಾಬಿನಲ್ಲಿ ಕೂತು ಹಳ್ಳಿಯ ಸಮಸ್ಯೆ ಬಿಡಿಸೋಕಾಗಲ್ಲ ಅಂತ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ಕೇಂದ್ರ ತೆರೆದರು. ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೂ ಹೋಗಿ ಶಕ್ತಿಯ ಲೆಕ್ಕ ಬರೆದರು. ಯಾರು ಎಷ್ಟು ಸೌದೆ ಉರಿಸ್ತಾರೆ, ಎಷ್ಟು ದೂರ ನಡೀತಾರೆ, ಎಷ್ಟು ಹೊತ್ತು.

ಆ ಹಳ್ಳಿಗಳಲ್ಲಿ ಒಂದು ಪುರ. 1977ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ವರ್ಷಕ್ಕೆ ಆ ಊರು ಉರಿಸ್ತಿದ್ದ ಸೌದೆ 217 ಟನ್. ಭಾಗಿಸಿ ನೋಡಿ, ಒಂದು ಮನೆಗೆ ದಿನಕ್ಕೆ ಹತ್ತು ಕೆಜಿ ಮೇಲೆ. ಅದರಲ್ಲಿ ಕೊಂಡು ತಂದದ್ದು ನೂರಕ್ಕೆ ನಾಲ್ಕರಷ್ಟು. ಉಳಿದದ್ದೆಲ್ಲ ಹೆಂಗಸರು, ಗಂಡಸರು, ಮಕ್ಕಳು ನಡೆದು ಆಯ್ದು ತಂದದ್ದು. ದೇಶದ ಶಕ್ತಿ ಅಂದರೆ ಕಲ್ಲಿದ್ದಲು, ಅಣೆಕಟ್ಟು, ಪೆಟ್ರೋಲು ಅಂತ ಡೆಲ್ಲಿಯಲ್ಲಿ ಮಾತಾಡ್ತಿದ್ದ ಕಾಲ ಅದು. ಪುರದ ಲೆಕ್ಕ ತೋರಿಸಿದ್ದು ಏನಂದರೆ, ಹಳ್ಳಿಯ ಶಕ್ತಿ ಅಂದರೆ ಮುಖ್ಯವಾಗಿ ಅಡುಗೆ, ಅಡುಗೆ ಅಂದರೆ ಸೌದೆ. ಈ ಲೆಕ್ಕವನ್ನ ಜಗತ್ತಿನ ಶಕ್ತಿತಜ್ಞರು ಆಮೇಲೆ ಎಷ್ಟೋ ಕಡೆ ಉಲ್ಲೇಖಿಸಿದರು. ಕುಣಿಗಲ್ ತಾಲ್ಲೂಕಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲ ಅನ್ನೋದು ಬೇರೆ ಮಾತು. ಪುರದಲ್ಲಿ 1987ರಲ್ಲಿ ಸಗಣಿ ಗ್ಯಾಸಿನಿಂದ ಇಂಜಿನ್ ಓಡಿಸಿ ಕರೆಂಟ್ ಮಾಡಿದರು. ಮರುವರ್ಷ ಅದೇ ಸೀಮೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಗ್ಯಾಸಿನ ಘಟಕ ಬಂತು. ಆದರೆ ಹೆಚ್ಚು ಮನೆ ತಲುಪಿದ್ದು ಒಲೆ: ಅಸ್ತ್ರ ಒಲೆ.

ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮತ್ತು ಜೊತೆಗಾರರು 1980ರ ದಶಕದ ಶುರುವಿನಲ್ಲಿ ರೂಪಿಸಿದ ಈ ಒಲೆಯಲ್ಲಿ ಮೂರು ಪಾತ್ರೆಗೆ ಜಾಗ. ಉರಿ ಇರೋದು ಮೊದಲನೆಯದರ ಕೆಳಗೆ, ಮುಚ್ಚಿದ ಗೂಡಿನಲ್ಲಿ, ಕಂಬಿಯ ಜಾಲರಿ ಮೇಲೆ. ಗಾಳಿ ಕೆಳಗಿನಿಂದ, ಬೇಕಾದಷ್ಟೇ. ಬಿಸಿ ಹೊಗೆ ಎರಡನೇ, ಮೂರನೇ ಪಾತ್ರೆಗಳ ಬುಡ ಸವರಿಕೊಂಡು ಹೋಗಿ ಕೊನೆಗೆ ಕೊಳವೆ ಹತ್ತಿ ಸೂರಿನಿಂದ ಹೊರಗೆ. ಅಜ್ಜಿಯ ಕೋಡೊಲೆಯ ತತ್ವವೇ, ಆದರೆ ದಾರಿಯನ್ನ ಕೊನೆವರೆಗೂ ಕಟ್ಟಿದ್ದು. ಮಣ್ಣು, ಇಟ್ಟಿಗೆಯಲ್ಲಿ ಅಲ್ಲೇ ಅಚ್ಚು ಇಟ್ಟು ಕಟ್ಟೋದು. ಸೌದೆ ಉಳಿಯುತ್ತೆ, ಅಡುಗೆ ಮನೆಯಲ್ಲಿ ಹೊಗೆ ಇಲ್ಲ. ಹೊಗೆಯಿಲ್ಲದ ಒಲೆಯ ಯೋಚನೆ ಹೊಸದಲ್ಲ. 1950ರ ದಶಕದಲ್ಲೇ ಹೈದರಾಬಾದಿನಲ್ಲಿ ಎಸ್. ಪಿ. ರಾಜು ಅನ್ನೋ ಇಂಜಿನಿಯರ್ ಕೊಳವೆ ಇರೋ ಒಲೆ ಮಾಡಿ, ಅದರ ಬಗ್ಗೆ ಪುಸ್ತಕ ಕೂಡ ಬರೆದಿದ್ದರು. ಅಸ್ತ್ರದವರು ಮಾಡಿದ್ದು ಸೌದೆಯ ಲೆಕ್ಕವನ್ನೂ ಹೊಗೆಯ ಲೆಕ್ಕವನ್ನೂ ಒಂದೇ ಒಲೆಯಲ್ಲಿ ಕೂಡಿಸಿದ್ದು.

ಕೊಳವೆಯೊಳಗೆ ಹೊಗೆಯನ್ನ ಎಳೆಯೋದು ಯಾವ ಮೋಟಾರೂ ಅಲ್ಲ, ಬಿಸಿ ಹೊಗೆಗೂ ಹೊರಗಿನ ತಣ್ಣನೆ ಗಾಳಿಗೂ ಇರೋ ತೂಕದ ವ್ಯತ್ಯಾಸ. ಹತ್ತಡಿ ಎತ್ತರದ ಕೊಳವೆ, ಒಳಗೆ 150 ಡಿಗ್ರಿ ಹೊಗೆ ಅಂತ ಇಟ್ಟುಕೊಂಡರೆ ಹುಟ್ಟೋ ಎಳೆತ ಸುಮಾರು ಹತ್ತು ಪಾಸ್ಕಲ್. ಅಂದರೆ ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡ. ಅಷ್ಟೇ. ಇಷ್ಟು ಬಡ ಶಕ್ತಿ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಒಂದು ಮಣಕು ಹೆಚ್ಚಾದರೆ, ಒಳಗೆ ಬೆರಳು ದಪ್ಪ ಮಸಿ ಕಟ್ಟಿದರೆ, ಕೊಳವೆ ಬೇಗ ತಣ್ಣಗಾದರೆ ಎಳೆತ ಸಾಯುತ್ತೆ, ಹೊಗೆ ತಿರುಗಿ ಅಡುಗೆ ಮನೆಗೇ.

ಹಾಗಾಗಿ ಕೊಳವೆ ಯಾವುದರಲ್ಲಿ ಮಾಡಿದ್ದು ಅನ್ನೋದೇ ಪ್ರಶ್ನೆ. ತೆಳು ತಗಡಾದರೆ ಹಗುರ, ಅಗ್ಗ. ಆದರೆ ಬೇಗ ಬಿಸಿ ಕಳಕೊಳ್ಳುತ್ತೆ. ಹೊಗೆಯಲ್ಲಿನ ಆವಿ, ಜಿಡ್ಡು ಒಳಗೋಡೆಗೆ ಅಂಟಿ ಕಪ್ಪು ರಸ ಇಳಿಯುತ್ತೆ, ಕೆಲವು ಮಳೆಗಾಲದಲ್ಲಿ ತುಕ್ಕು ತಿನ್ನುತ್ತೆ. ಸುಟ್ಟ ಮಣ್ಣಿನ ಕೊಳವೆ ಬಿಸಿ ಹಿಡಿಯುತ್ತೆ, ಆದರೆ ಭಾರ, ಸಾಗಿಸುವಾಗ ಒಡೆಯುತ್ತೆ, ಹತ್ತು ಹಳ್ಳಿಗೆ ಒಬ್ಬ ಕುಂಬಾರ. ಸಿಮೆಂಟ್ ಕೊಳವೆ ಬಿಸಿಗೆ ಸೀಳುತ್ತೆ. ಎಲ್ಲ ಲೆಕ್ಕಕ್ಕೂ ಸರಿಹೋಗೋ ಒಂದು ಸಾಮಾನು ಆಗ ಪ್ರತಿ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗ್ತಿತ್ತು. ಹಗುರ, ಬೆಂಕಿಗೆ ಹೆದರಲ್ಲ, ತುಕ್ಕು ಹಿಡಿಯಲ್ಲ, ಅಗ್ಗ. ಅದೇ ಕಲ್ನಾರಿನ ಸಿಮೆಂಟ್ ಪೈಪು.

ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 2002ರಲ್ಲಿ ಅದು ನಿಲ್ಲೋ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಂಚಿದ್ದೇವೆ ಅಂತ ಲೆಕ್ಕ. ಕೊಳವೆ ಇರೋ ಒಲೆಗಳಲ್ಲಿ ಕಲ್ನಾರಿನ ಪೈಪು ಎಷ್ಟೋ ಕಡೆ ಬಳಕೆಯಾಯಿತು. ಮಿನ್ನೆಸೋಟದ ನೆಲಮಾಳಿಗೆಗಳಲ್ಲಿ ಮುಖವಾಡ ಹಾಕಿಕೊಂಡು ಕಲ್ನಾರಿನ ಕಾಗದ ಕೀಳ್ತಿದ್ದ ಕಾಲದಲ್ಲೇ ನಮ್ಮ ಅಡುಗೆ ಮನೆಗಳಿಗೆ ಕಲ್ನಾರು ಹೊಸದಾಗಿ ಬರ್ತಿತ್ತು. ಕಣ್ಣುರಿ ತಪ್ಪಿಸೋಕೆ ತಂದ ಸಾಮಾನೇ ಇನ್ನೊಂದು ರೀತಿಯಲ್ಲಿ ಎದೆಗೆ ಕೆಟ್ಟದ್ದು. ಗಟ್ಟಿಯಾಗಿದ್ದಾಗ ಅದು ಅಷ್ಟಾಗಿ ತೊಂದರೆ ಕೊಡಲ್ಲ. ಗರಗಸದಲ್ಲಿ ಕೊಯ್ದಾಗ, ಒಡೆದಾಗ, ಹಳತಾಗಿ ಪುಡಿಯಾದಾಗ ಕಣ್ಣಿಗೆ ಕಾಣದ ನಾರು ಗಾಳಿ ಸೇರುತ್ತೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಆರೋಗ್ಯದ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1995ರಲ್ಲಿ. ಯುರೋಪಿಯನ್ ಒಕ್ಕೂಟ 2005ರ ಹೊತ್ತಿಗೆ ಪೂರ್ತಿ ನಿಷೇಧ ಹಾಕಿತು. ನಮ್ಮಲ್ಲಿ ಕಲ್ನಾರಿನ ಶೀಟು ಇವತ್ತಿಗೂ ಸಿಗುತ್ತೆ, ದನದ ಕೊಟ್ಟಿಗೆಯಿಂದ ಹಿಡಿದು ಬಾಡಿಗೆ ಮನೆವರೆಗೆ ಸೂರಾಗಿದೆ.

ಈ ಒಲೆಗಳ ಗತಿ ಏನಾಯಿತು? ನಮ್ಮ ಊರಿನದೇ ಹೇಳ್ತೀನಿ. ಯಾವುದೋ ಸ್ಕೀಮಿನಲ್ಲಿ ಒಂದು ದಿನ ಬಂದು ಹತ್ತಾರು ಮನೆಗೆ ಕೊಳವೆ ಒಲೆ ಕಟ್ಟಿ ಹೋದರಂತೆ. ಕಟ್ಟಿದವರು ಮತ್ತೆ ಬರಲಿಲ್ಲ. ಒಲೆಯ ಬಾಯಿ ಸಣ್ಣದು, ತೆಂಗಿನ ಮಟ್ಟೆ ಉದ್ದ. ಸೀಳಿ ಹಾಕೋಕೆ ಪುರುಸೊತ್ತು ಯಾರಿಗಿದೆ? ರಾಗಿಮುದ್ದೆ ತಿರುವೋಕೆ ಪಾತ್ರೆ ಅಲ್ಲಾಡದ ಹಾಗೆ ಕಾಲಲ್ಲಿ ಒತ್ತಿ ಹಿಡೀಬೇಕು, ಆ ಎತ್ತರಕ್ಕೆ ಅದು ಆಗಲಿಲ್ಲ. ಆರು ತಿಂಗಳಿಗೆ ಪೈಪು ಕಟ್ಟಿಕೊಂಡಿತು. ಅದನ್ನ ಕೆರೆಯೋಕೆ ಹೆಂಚು ಹತ್ತಬೇಕು. ಹೆಂಚು ಹತ್ತೋದು ಗಂಡಸರ ಕೆಲಸ, ಹೊಗೆ ಕುಡಿಯೋದು ಹೆಂಗಸರ ಕೆಲಸ. ಹತ್ತಬೇಕಾದವರಿಗೆ ಕಣ್ಣುರೀಲಿಲ್ಲ, ಹಾಗಾಗಿ ಯಾರೂ ಹತ್ತಲಿಲ್ಲ. ನಾನು ಬುದ್ಧಿ ತಿಳಿಯೋ ಹೊತ್ತಿಗೆ ಅಜ್ಜಿ ಒಲೆ ಒಡೆದು ತನ್ನ ಕೋಡೊಲೆ ವಾಪಸು ಕಟ್ಟಿಕೊಂಡಿದ್ದಳು. ಸೂರಿನಲ್ಲಿ ಉಳಿದಿದ್ದ ಪೈಪಿನ ತುಂಡಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಕೆಳಗಿನ ತುಂಡನ್ನ ನಾವು ಹುಡುಗರು ಕಲ್ಲಲ್ಲಿ ಜಜ್ಜಿ, ಆ ಬಿಳಿ ಪುಡಿಯಲ್ಲಿ ನೆಲದ ಮೇಲೆ ಕುಂಟೆಬಿಲ್ಲೆ ಮನೆ ಬರೀತಿದ್ದೆವು.

ಇದು ನಮ್ಮೂರಿಗೆ ಮಾತ್ರ ಆದದ್ದಲ್ಲ. ಒಡಿಶಾದ 44 ಹಳ್ಳಿಗಳಲ್ಲಿ ಕೊಳವೆ ಒಲೆ ಕೊಟ್ಟ ಮನೆಗಳನ್ನ ನಾಲ್ಕು ವರ್ಷ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2012ರಲ್ಲಿ ಹೊರಬಂತು. ಮೊದಲ ವರ್ಷ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆ ರಿಪೇರಿ ಇಲ್ಲದೆ, ಕೊಳವೆ ಶುಚಿ ಇಲ್ಲದೆ ಲಾಭ ಕರಗಿಹೋಯಿತು. ಸಾಫ್ಟ್‌ವೇರ್‌ನಲ್ಲಿ ನಾವು ದಿನಾ ನೋಡೋದೂ ಇದೇ. ಹೊಸದು ಬಿಡುಗಡೆ ಮಾಡೋಕೆ ಬಜೆಟ್ ಇರುತ್ತೆ, ಕೇಕ್ ಕತ್ತರಿಸ್ತಾರೆ. ಮೇಂಟೆನೆನ್ಸ್ ಯಾರ ತಲೆಗೆ ಅನ್ನೋದು ಯಾವ ಸ್ಲೈಡಿನಲ್ಲೂ ಇರಲ್ಲ.

ಆದರೂ ಅಸ್ತ್ರ ಒಲೆ ಸೋತಿತು ಅಂತ ಬರೆದು ಮುಗಿಸೋದು ಸರಿಯಲ್ಲ. ಅಡುಗೆ ಮನೆಯ ಹೊಗೆ ವಿಧಿಯಲ್ಲ, ಅದು ಲೆಕ್ಕ ಹಾಕಿ ಬಿಡಿಸಬಹುದಾದ ಪ್ರಶ್ನೆ ಅಂತ ಮೊದಲು ಹೇಳಿದ್ದು ಇಂಥವರು. ಹೆಂಗಸರು ಒಲೆ ಮುಂದೆ ಕಳೆಯೋ ಗಂಟೆಗಳನ್ನ, ಸೌದೆಗೆ ನಡೆಯೋ ಮೈಲಿಗಳನ್ನ ದೇಶದ ಶಕ್ತಿ ಪಟ್ಟಿಯಲ್ಲಿ ಸೇರಿಸಬೇಕು ಅಂದವರು ಇವರು. 2016ರಲ್ಲಿ ಉಜ್ವಲ ಯೋಜನೆ ಬಂದು ಮನೆ ಮನೆಗೆ ಸಿಲಿಂಡರ್ ಹೋದಾಗ, ಆ ವಾದಕ್ಕೆ ನಲವತ್ತು ವರ್ಷ ವಯಸ್ಸಾಗಿತ್ತು.

ಈಗ ನಮ್ಮ ಮನೆಗಳು ಬದಲಾಗಿವೆ. ಹೆಂಚು ಇಳಿಸಿ ಮೋಲ್ಡ್ ಹಾಕಿಸಿದ್ದೇವೆ. ಮಾಳಿಗೆಯ ಗವಾಕ್ಷಿ, ಹೆಂಚಿನ ಸಂದಿ ಎರಡೂ ಹೋದವು. ಅಡುಗೆಗೆ ಗ್ಯಾಸು, ಹೊಗೆ ಕಾಣಲ್ಲ. ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಒಲೆ ಹಿತ್ತಿಲ ಶೀಟಿನ ಕೆಳಗೆ ಉಳಿದುಕೊಂಡಿದೆ. ಕಾಯಿ ಒಣಗಿಸೋಕೆ ಬೇರೆ ಶೆಡ್ ಬಂದಿದೆ. ತುಮಕೂರು ಸಿಟಿಯ ಬಡಾವಣೆಗಳಲ್ಲಿ ಅಲ್ಯೂಮಿನಿಯಂ ಕಿಟಕಿ, ಸೊಳ್ಳೆ ಜಾಲರಿ, ಗಟ್ಟಿಯಾಗಿ ಮುಚ್ಚೋ ಬಾಗಿಲು. ಧೂಳು ಬರಲ್ಲ ಅಂತ ಖುಷಿ. ಗಾಳಿಯೂ ಬರಲ್ಲ.

ಹೊಗೆ ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ, ಹೊಗೆಗೆ ದಾರಿ ಬಿಡದೆ, ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಅನ್ನೋ ಸುದ್ದಿ ಪ್ರತಿ ವರ್ಷ ನಮ್ಮ ಪೇಪರುಗಳಲ್ಲಿ ಬರುತ್ತೆ. ಚಳಿಗೆ ಬಾಗಿಲು ಹಾಕಿಕೊಂಡು ಇದ್ದಲು ಹಚ್ಚಿ ಮಲಗಿದವರ ಸುದ್ದಿಯೂ ಬರುತ್ತೆ. ಗಾಳಿ ಸಾಲದೆ ಉರಿದ ಬೆಂಕಿಯಿಂದ ಹುಟ್ಟೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತೆ. ಅಜ್ಜಿಯ ಕಾಲದ ಹೊಗೆ ಕಣ್ಣಲ್ಲಿ ನೀರು ತರಿಸಿ ಎಬ್ಬಿಸಿ ಹೊರಗೆ ಓಡಿಸ್ತಿತ್ತು. ಇದು ನಿದ್ದೆ ಬರಿಸುತ್ತೆ.

ಹಾಗಾಗಿ ಮನೆ ಕಟ್ಟಿಸೋರಿಗೆ, ಬಾಡಿಗೆಗೆ ಹುಡುಕೋರಿಗೆ ನಾನು ಹೇಳೋದು ಇಷ್ಟೇ. ಟೈಲ್ಸ್ ಬಣ್ಣ ಕೇಳೋ ಮುಂಚೆ ಗಾಳಿ ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿಂದ ಹೊರಗೆ ಹೋಗುತ್ತೆ ಅಂತ ಕೇಳಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಹೊರಗಿನ ಗೋಡೆಗೆ ಹಾಕಿಸಿ. ಆಗಲ್ಲ ಅಂದರೆ ಹೊಗೆ ಹೊರಗೆ ಹೋಗೋ ಲೋಹದ ಕೊಳವೆ, ಕೆಳಗೊಂದು ಮೇಲೊಂದು ಮುಚ್ಚೋಕಾಗದ ಕಿಂಡಿ ಇರಲೇಬೇಕು. ಹಿತ್ತಿಲ ಒಲೆಗೆ ಕೊಳವೆ ಹಾಕಿಸೋದಾದರೆ ನೇರ ಹಾಕಿಸಿ, ಕೆರೆಯೋಕೆ ಕೈಗೆಟುಕೋ ಬಾಗಿಲು ಬಿಡಿಸಿ, ಏಣಿ ಯಾರು ಹತ್ತಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಹಳೇ ಕಲ್ನಾರಿನ ಪೈಪೋ ಶೀಟೋ ತೆಗೆಸುವಾಗ ಒಣಗಿದ್ದನ್ನ ಕೊಯ್ಯಬೇಡಿ, ಒಡೀಬೇಡಿ. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ, ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಉಂಗ್ರಕ್ಕೆ ಹೋಗೋ ದಾರಿಯಲ್ಲಿ ಈಗಲೂ ಸಂಜೆ ಹೊತ್ತು ಹಿತ್ತಿಲುಗಳಿಂದ ಹೊಗೆ ಏಳೋದು ಕಾಣುತ್ತೆ. ಮನೆಯ ಮುಂದೆ ಕಾರಿದೆ, ಒಳಗೆ ಸಿಲಿಂಡರ್ ಇದೆ. ಒಲೆ ಮುಂದೆ ಕೂತಿರೋದು ಮಾತ್ರ ಇವತ್ತಿಗೂ ಹೆಂಗಸೇ.